ಭುಜಕ್ಕೆ ಮೂರು ದಾರಿ, ನಮೂನೆಗೆ ಒಂದು

ಈ ಅಳತೆಯ ತಪ್ಪಿನಿಂದ ನೊಂದವಳು ನನ್ನ ಚಿಕ್ಕವ್ವ. ಅಳತೆ ಮಾಡಿದವರಿಗೆ ಏನೂ ಆಗಲಿಲ್ಲ. ಅಳತೆಯ ಕಾಗದವನ್ನು ಓದಿ ತಲೆಯಾಡಿಸಿದವರಿಗೂ ಏನೂ ಆಗಲಿಲ್ಲ. ದೇಹದ ಚಲನೆಯ ಶಾಸ್ತ್ರವನ್ನು ಇಪ್ಪತ್ತು ವರ್ಷಗಳಿಂದ ಗದಗಿನ ಕಾಲೇಜೊಂದರಲ್ಲಿ ಬೋಧಿಸುತ್ತಿರುವ ನನಗೂ ಏನೂ ಆಗಲಿಲ್ಲ. ಅವಳು ಮಾತ್ರ ಬೆಟಗೇರಿಯ ತನ್ನ ಮನೆಯ ಕುಣಿಮಗ್ಗಕ್ಕೆ ಮರಳಿ ಇಳಿದಳು. ಇಂದು ಬೆಳಿಗ್ಗೆಯೂ ಇಳಿದಿದ್ದಾಳೆ. ಅವಳ ತುರುಬನ್ನು ಕಟ್ಟಿಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ.

ಚಿಕ್ಕವ್ವ ಎಂದರೆ ನನ್ನ ತಾಯಿಯ ತಂಗಿ. ತಾಯಿ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅವಳ ಮಗ್ಗದ ಸದ್ದಿನಲ್ಲಿ. ಕುಣಿಮಗ್ಗವನ್ನು ಕಾಣದವರಿಗಾಗಿ ಹೇಳುತ್ತೇನೆ: ನೆಲದಲ್ಲಿ ಒಂದು ಗುಂಡಿ, ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವ ನೇಕಾರತಿ. ಅವಳ ಕಾಲುಗಳು ಕೆಳಗಿನ ಹಲಗೆಗಳನ್ನು ತುಳಿಯುತ್ತವೆ. ಎಡಗೈ ಬಾಚಣಿಗೆಯಂಥ ಹಲ್ಲುಗಳಿರುವ ಹಣಿಗೆಯನ್ನು ಎದೆಯ ಕಡೆಗೆ ಎಳೆದು ನೂಲನ್ನು ಬಡಿಯುತ್ತದೆ. ಬಲಗೈ ಮೇಲಿನಿಂದ ತೂಗುವ ಹಗ್ಗದ ಹಿಡಿಯನ್ನು ಜಗ್ಗಿ ಜಗ್ಗಿ ಲಾಳಿಯನ್ನು ಆಚೀಚೆ ಓಡಿಸುತ್ತದೆ. ಜಗ್ಗುವುದೆಂದರೆ ಸುಮ್ಮನೆ ಎಳೆಯುವುದಲ್ಲ. ಪ್ರತಿ ಸಲವೂ ಭುಜದ ಕೀಲು ಒಳಕ್ಕೊಮ್ಮೆ, ಹೊರಕ್ಕೊಮ್ಮೆ ತಿರುಚಿಕೊಳ್ಳುತ್ತದೆ.

ನಲವತ್ತು ವರ್ಷ ಹೀಗೆ ತಿರುಚಿಕೊಂಡ ಬಲಭುಜ ಮೊದಲು ಅವಳ ತುರುಬನ್ನು ಕೈಬಿಟ್ಟಿತು. ಕೈ ತಲೆಯ ಹಿಂದಕ್ಕೆ ಹೋಗದಾಯಿತು. ಅವಳು ಯಾರಿಗೂ ಹೇಳಲಿಲ್ಲ. ಕೂದಲನ್ನು ಎಡಗೈಯೊಂದರಿಂದಲೇ ಸುತ್ತಿ ಸೆರಗಿನೊಳಗೆ ತುರುಕಿಕೊಂಡು ತಿಂಗಳುಗಟ್ಟಲೆ ಓಡಾಡಿದಳು. ಇದನ್ನು ಮೊದಲು ಕಂಡುಕೊಂಡವರು ವೈದ್ಯರಲ್ಲ, ಶಾಸ್ತ್ರ ಬೋಧಿಸುವ ನಾನೂ ಅಲ್ಲ. ನಮ್ಮ ಓಣಿಯ ದರ್ಜಿ ಚಾಚಾ.

“ಅಕ್ಕಾರ, ಬಲಗಡೆ ಕಂಕಳದಾಗ ಎರಡು ಬೆರಳು ಸಡಲ ಬಿಟ್ಟೀನ್ರಿ,” ಎಂದರಂತೆ ಹೊಸ ಕುಪ್ಪಸವನ್ನು ಕೈಗಿಡುತ್ತಾ. “ನಿಮ್ಮ ಕೈ ಮುಂದ ಹೋಗತೈತಿ, ಬಾಜೂಕ ಹೋಗಂಗಿಲ್ಲ, ಹಿಂದಂತೂ ಕೇಳಬ್ಯಾಡ್ರಿ.”

ಭುಜದ ಮೂರು ಚಲನೆಗಳ ಬಗ್ಗೆ ನಾನು ಒಂದು ಇಡೀ ತಿಂಗಳು ಮಾಡುವ ಪಾಠವನ್ನು ಅವರು ಹೊಲಿಗೆಯಂತ್ರದ ಮುಂದೆ ಕುಳಿತು ಒಂದೇ ಉಸಿರಿನಲ್ಲಿ ಮುಗಿಸಿದ್ದರು.

ನಮ್ಮ ಕಾಲೇಜಿನ ಗೋಡೆಯ ಮೇಲೆ ಒಬ್ಬ ಮನುಷ್ಯನ ಚಿತ್ರಪಟವಿದೆ. ಚರ್ಮವಿಲ್ಲದ ಆ ಮಹಾಶಯ ಕಾಲು ಜೋಡಿಸಿ, ಅಂಗೈಗಳನ್ನು ಮುಂದಕ್ಕೆ ತೋರಿಸಿ, ಯಾರೋ ಏನೋ ಕೊಟ್ಟಾರೆಂದು ಕಾಯುವವನಂತೆ ನಿಂತಿದ್ದಾನೆ. ಮೂರು ಗಾಜಿನ ಹಾಳೆಗಳು ಅವನನ್ನು ಸೀಳುತ್ತವೆ: ಎಡಬಲಗಳನ್ನು ಬೇರ್ಪಡಿಸುವುದೊಂದು, ಮುಂದು ಹಿಂದುಗಳನ್ನು ಬೇರ್ಪಡಿಸುವುದೊಂದು, ಮೇಲು ಕೆಳಗುಗಳನ್ನು ಬೇರ್ಪಡಿಸುವುದೊಂದು. ಇವನ್ನು ತಲಗಳು ಎನ್ನುತ್ತೇವೆ. ಕೈಯಾಗಲಿ ಕಾಲಾಗಲಿ ಚಲಿಸುವಾಗ ಹಿಡಿಯುವ ದಾರಿಗಳು ಇವು. ಆ ದಾರಿಯಲ್ಲಿ ಅಂಗವು ಯಾವ ಕಾಣದ ಮೊಳೆಯ ಸುತ್ತ ತಿರುಗುತ್ತದೋ ಅದಕ್ಕೆ ಅಕ್ಷವೆಂದು ಹೆಸರು. ಆ ಮಹಾಶಯ ತನ್ನ ಜೀವಮಾನದಲ್ಲಿ ಒಂದು ಕೆಲಸವನ್ನೂ ಮಾಡಿದವನಲ್ಲ. ಆದ್ದರಿಂದಲೇ ಅವನ ಕೀಲುಗಳು ಅಷ್ಟು ನಯವಾಗಿವೆ. ಅವನ ಮೈಯನ್ನು ವರ್ಷವರ್ಷವೂ ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸಿದ್ದೇನೆ. ಎರಡು ಮೈಲಿ ದೂರದ ಬೆಟಗೇರಿಯ ಮಗ್ಗದಲ್ಲಿ ಕುಳಿತ ಮೈಯನ್ನು ಅದೇ ಕಣ್ಣಿನಿಂದ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಇದು ನನ್ನ ಮೊದಲ ತಪ್ಪು. ಎರಡನೆಯದು ಇದಕ್ಕಿಂತ ದೊಡ್ಡದು, ಅದನ್ನೂ ಮುಚ್ಚಿಡುವುದಿಲ್ಲ.

ಚಿಕ್ಕವ್ವನಿಗೆ ಈ ಶಾಸ್ತ್ರವನ್ನು ಬಾಗಿಲಿನಿಂದ ತಿಳಿಸಿದೆ. ಬಾಗಿಲು ತೆರೆದು ಮುಚ್ಚುವಾಗ ಸಾಗುವ ದಾರಿ ತಲ, ಅದನ್ನು ಹಿಡಿದ ತಿರುಗಣಿಯ ಮೊಳೆ ಅಕ್ಷ. ನಮ್ಮ ಮನೆಯ ಬಾಗಿಲಿಗೆ ಒಂದೇ ಮೊಳೆ. ಭುಜಕ್ಕೆ ಮೂರು. ಕೈಯನ್ನು ಮುಂದಕ್ಕೆ ಎತ್ತುವಾಗ ಮೊಳೆ ಎಡದಿಂದ ಬಲಕ್ಕಿರುತ್ತದೆ. ಪಕ್ಕಕ್ಕೆ ಎತ್ತುವಾಗ ಎದೆಯಿಂದ ಬೆನ್ನಿಗೆ. ಒಳಕ್ಕೂ ಹೊರಕ್ಕೂ ತಿರುಗಿಸುವಾಗ ತೋಳಿನ ಉದ್ದಕ್ಕೂ.

“ಅಂದ್ರ ನನ್ನ ರಟ್ಟ್ಯಾಗ ಮೂರು ಮೊಳಿ ಅದಾವು ಅಂತಿ,” ಎಂದಳು.

“ಅದಾವು, ಚಿಕ್ಕವ್ವ.”

“ಎರಡು ತುಕ್ಕ ಹಿಡದಾವು ತಗೋ. ಇಷ್ಟು ತಿಳಿಯಾಕ ನೀ ಅಷ್ಟು ವರ್ಷ ಓದಬೇಕಾತೇನ?”

ತುಕ್ಕು ಬಿಡಿಸುವ ದಾರಿಯೊಂದು ಎದುರಿಗೇ ಇತ್ತು. ಅವಳಿಗೆ ನೂಲು ಕೊಟ್ಟು ಸೀರೆ ಪಡೆಯುವ ನೇಕಾರರ ಸಂಘದಲ್ಲಿ, ಬಂದ ಸೀರೆಗಳನ್ನು ನೋಡಿ ಘಡಿ ಮಾಡಿಡುವ ಕೆಲಸವೊಂದು ಖಾಲಿಯಾಗಿತ್ತು. ಮೇಜಿನ ಮುಂದೆ ಕುಳಿತು ಸೀರೆ ಮಡಿಸಬೇಕು. ಕೈ ಎದೆಯಿಂದ ಮೇಲೆ ಏಳಬೇಕಾಗಿಲ್ಲ, ಹಗ್ಗ ಜಗ್ಗಬೇಕಾಗಿಲ್ಲ. ಅದು ಸಿಕ್ಕರೆ ಉಳಿದಷ್ಟು ಭುಜ ಉಳಿಯುತ್ತದೆ. ಸಿಗದಿದ್ದರೆ ಮಗ್ಗ ಅದನ್ನೂ ತಿನ್ನುತ್ತದೆ. ಸಂಘದ ಕಾರ್ಯದರ್ಶಿಗಳು ಸಜ್ಜನರು. ಎಲ್ಲ ಸಜ್ಜನರಂತೆ ಅವರೂ ಕಣ್ಣಿಗಿಂತ ಕಾಗದವನ್ನು ನಂಬುತ್ತಾರೆ.

“ನಿಮ್ಮ ಚಿಕ್ಕವ್ವಾರಿಗೆ ಕೊಡಾಕ ನಂದೇನೂ ತಕರಾರಿಲ್ಲರಿ,” ಎಂದರು. “ಆದ್ರ ನಾಳೆ ಉಳದ ಮಂದಿನೂ ರಟ್ಟಿ ಹಿಡಕೊಂಡು ಬಂದು ನಿಲ್ತಾರ. ಕ್ಯಾಂಪಿನ್ಯಾಗ ತೋರಿಸಿ ಒಂದು ಕಾಗದ ತರ್ರಿ. ಅದರಾಗ ರಟ್ಟಿ ಕೆಟ್ಟೈತಿ ಅಂತ ಇದ್ರ ಆತು.”

ರಟ್ಟೆ ಅವರೆದುರಿಗೇ ಇತ್ತು. ಅದರ ಕಡೆ ನೋಡದೆ ಅವರು ಕಾಗದ ಕೇಳಿದರು.

ಆ ಶಿಬಿರವನ್ನು ಒಂದು ಸೇವಾ ಸಮಿತಿ ನಡೆಸುತ್ತಿತ್ತು. ದುಡಿಯುವ ಜನರ ಕೈಕಾಲುಗಳನ್ನು ಪುಕ್ಕಟೆಯಾಗಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾ ತಾಲ್ಲೂಕಿನಿಂದ ತಾಲ್ಲೂಕಿಗೆ ಸಾಗುತ್ತಿತ್ತು. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಅದು ಗದಗವನ್ನು ದಾಟಿ ಲಕ್ಷ್ಮೇಶ್ವರಕ್ಕೆ ಹೋಗಿತ್ತು. ಹೊರಡುವ ಮೊದಲು ಒಂದು ವಾರವಿತ್ತು. ಅಲ್ಲಿ ಏನು ಕೇಳುತ್ತಾರೆಂಬುದು ಅವಳಿಗೆ ತಿಳಿದಿರಲಿ, ಹೆದರಿ ಪೆಚ್ಚಾಗದಿರಲಿ ಎಂದು ನಾನು ದಿನವೂ ಸಂಜೆ ಅವಳನ್ನು ಅಂಗಳದಲ್ಲಿ ನಿಲ್ಲಿಸಿ ಮೂರೂ ಚಲನೆಗಳನ್ನು ಮಾಡಿಸಿದೆ. ಮುಂದೆ, ಪಕ್ಕಕ್ಕೆ, ತಲೆಯ ಹಿಂದೆ. ಕೈ ತಲೆಯ ಹಿಂದೆ ಹೋಗಬೇಕಾದರೆ ತೋಳು ಹೊರಕ್ಕೆ ತಿರುಗಲೇಬೇಕು. ಮುಂದಕ್ಕೆ ಕೈ ನಿಧಾನವಾಗಿಯಾದರೂ ಪೂರ್ತಿ ಏರುತ್ತಿತ್ತು. ಪಕ್ಕಕ್ಕೆ ಎತ್ತಿದರೆ ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ತಲೆಯ ಹಿಂದಕ್ಕೆ ಕಿವಿಯವರೆಗೂ ಬರುತ್ತಿರಲಿಲ್ಲ. ನಾನು ಹೇಳಿಕೊಟ್ಟದ್ದನ್ನು ಅವಳು ಹೊಸ ಸೀರೆಯ ಅಂಚಿನ ನಮೂನೆ ಕಲಿಯುವ ಶ್ರದ್ಧೆಯಿಂದ ಕಲಿತಳು. ಆ ಶ್ರದ್ಧೆಯನ್ನು ನೋಡಿ ನಾನು ಸಂತೋಷಪಟ್ಟೆ. ನನ್ನ ಎರಡನೆಯ ತಪ್ಪು ಅದೇ ಅಂಗಳದಲ್ಲಿ ನಡೆಯಿತು. ಅದು ತಪ್ಪೆಂದು ತಿಳಿಯಲು ಇನ್ನೆರಡು ಊರು ಸುತ್ತಬೇಕಾಯಿತು.

ಲಕ್ಷ್ಮೇಶ್ವರದಲ್ಲಿ ಶಿಬಿರ ಒಂದು ಕಲ್ಯಾಣಮಂಟಪದಲ್ಲಿತ್ತು. ವಧೂವರರು ಕೂರುವ ವೇದಿಕೆಯ ಮೇಲೆ ಅಳತೆಗಾರರು ಕುಳಿತಿದ್ದರು. ಇಲ್ಲಿಯೂ ಮುಂದೆ ಹೋದ ಎರಡು ಊರುಗಳಲ್ಲಿಯೂ ಅಳೆದವರು ಇವರೊಬ್ಬರೇ ಆದ್ದರಿಂದ ಓದುಗರು ಇವರನ್ನು ನೆನಪಿಟ್ಟುಕೊಳ್ಳಬೇಕು: ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕೀಲಿನ ಕೋನ ಅಳೆಯುವ ಪ್ಲಾಸ್ಟಿಕ್ಕಿನ ಸಲಕರಣೆ. ಆ ಸಲಕರಣೆ ಜೇಬಿನಿಂದ ಹೊರಬಂದದ್ದನ್ನು ನಾನು ಎಲ್ಲಿಯೂ ಕಾಣಲಿಲ್ಲ. ಅವರ ಮುಂದಿನ ನಮೂನೆಯಲ್ಲಿ ಭುಜಕ್ಕೆ ಮೀಸಲಾದದ್ದು ಒಂದೇ ಸಾಲು. “ಚಲನೆ: ಪೂರ್ಣ, ಅಪೂರ್ಣ.” ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ, “ಕೈಯನ್ನು ಮುಂದಕ್ಕೆ ಎತ್ತಿಸಿ ನೋಡುವುದು.”

ಜನರ ಸಾಲು ಬಾಗಿಲಿನಾಚೆಗೂ ಇತ್ತು. ಒಬ್ಬೊಬ್ಬರೇ ಬಂದು ವೇದಿಕೆಗೆ ಕೈ ಎತ್ತಿ ಹೋಗುತ್ತಿದ್ದರು. ದೂರದಿಂದ ನೋಡಿದವರಿಗೆ ಯಾವುದೋ ಪ್ರತಿಜ್ಞೆ ಸ್ವೀಕರಿಸುತ್ತಿದ್ದಾರೆ ಎನಿಸಬೇಕು.

“ಕೈ ಮುಂದ ಎತ್ರಿ, ಯಕ್ಕಾ.”

ಚಿಕ್ಕವ್ವ ಎತ್ತಿದಳು.

“ಆತು. ಪೂರ್ಣ. ಮುಂದಿನವರು ಬರ್ರಿ.”

“ಸರ್, ಬಾಜೂಕ ಎತ್ತಿಸಿ ನೋಡ್ರಿ,” ಎಂದೆ ನಾನು. “ಒಳಗ ಹೊರಗ ತಿರುವಿಸಿ ನೋಡ್ರಿ. ಭುಜ ಮೂರು ಕಡೆ ಅಡ್ಡಾಡತೈತಿ, ನೀವು ಒಂದ ಕಡೆ ನೋಡಿದ್ರಿ.”

ಅವರು ನನ್ನನ್ನು ನೋಡಿದರು, ಸಾಲನ್ನು ನೋಡಿದರು. “ಮೇಡಮ್ಮಾರ, ಮೂರೂ ಕಡೆಯಿಂದ ನೋಡಾಕ ನಾ ಏನು ಹೆಣ್ಣು ನೋಡಾಕ ಬಂದೀನೇನ್ರಿ?”

ಕಲ್ಯಾಣಮಂಟಪವಿಡೀ ನಕ್ಕಿತು. ಚಿಕ್ಕವ್ವನೂ ಸೆರಗಿನ ಮರೆಯಲ್ಲಿ ನಕ್ಕಳು. ಆ ನಗೆಯನ್ನೂ ನಾನು ತಪ್ಪುಗಳ ಪಟ್ಟಿಯಲ್ಲೇ ಸೇರಿಸುತ್ತೇನೆ. ಮದುವೆಗೆ ಮುನ್ನ ಹೆಣ್ಣನ್ನು ನಿಲ್ಲಿಸಿ, ಕೂರಿಸಿ, ನಡೆಸಿ ಎಲ್ಲ ಕಡೆಯಿಂದಲೂ ನೋಡುವ ಸಮಾಜ ನಮ್ಮದು. ನಲವತ್ತು ವರ್ಷ ದುಡಿಸಿಕೊಂಡ ಮೇಲೆ ಅದೇ ಮೈಯನ್ನು ಎರಡನೆಯ ಕಡೆಯಿಂದ ನೋಡಲು ನಮಗೆ ಪುರುಸೊತ್ತಿಲ್ಲ.

“ತಕರಾರಿದ್ರ ಬರದು ಕೊಡ್ರಿ,” ಎಂದರು ಅಳತೆಗಾರರು. “ಮುಂದಿನ ವಾರ ಶಿರಹಟ್ಟ್ಯಾಗ ಅದೀವಿ. ಅಲ್ಲಿ ನೋಡೂಣು.”

ಬರೆದುಕೊಟ್ಟೆ. ಎರಡು ಪುಟ, ಚಿತ್ರಸಮೇತ.

ಶಿರಹಟ್ಟಿಗೆ ಹೋಗುವ ಬಸ್ಸಿನಲ್ಲಿ ಮಲ್ಲಸಮುದ್ರದ ರೈತರೊಬ್ಬರು ನಮ್ಮ ಪಕ್ಕದ ಸೀಟಿನಲ್ಲಿದ್ದರು. ಎಲ್ಲಿಗೆ, ಯಾಕೆ ಎಂದು ವಿಚಾರಿಸಿದರು, ನಾನು ವಿವರಿಸಿದೆ. ಅವರು, “ನಾವು ಎತ್ತ ಕೊಳ್ಳಾಕ ಹೋದ್ರ ಮುಂದ ನಿಂತು ನೋಡ್ತೀವ್ರಿ, ಬಾಜೂಕ ನಿಂತು ನೋಡ್ತೀವಿ, ಆಮ್ಯಾಲ ನಡಸಿ ಹಿಂದಿನಿಂದ ನೋಡ್ತೀವಿ,” ಎಂದರು. “ಒಂದ ಕಡೆ ನೋಡಿ ಎತ್ತ ತಂದಾವಗ ಮನ್ಯಾಗ ಕೂಳ ಹಾಕಂಗಿಲ್ಲ.”

“ಕೇಳಿದೇನ ಮಗಳ?” ಎಂದಳು ಚಿಕ್ಕವ್ವ. “ನನ್ನ ಎತ್ತಿನ ಸಂತಿಗೆ ಕರಕೊಂಡು ಹೋಗು.”

ಶಿರಹಟ್ಟಿಯಲ್ಲಿ ಶಿಬಿರ ಶಾಲೆಯೊಂದರ ಕೋಣೆಯಲ್ಲಿತ್ತು. ನನ್ನ ತಕರಾರಿಗೆ ಬೆಲೆ ಬಂದಿತ್ತೆಂಬುದನ್ನು ಒಪ್ಪಬೇಕು: ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ ಎಳೆದಿದ್ದರು. ಪಕ್ಕಕ್ಕೆ ಎತ್ತಿದ ಕೈಯ ಬೆರಳು ಆ ಗೆರೆಯನ್ನು ದಾಟಿದರೆ ಪೂರ್ಣ, ದಾಟದಿದ್ದರೆ ಅಪೂರ್ಣ. ಬಂದವರು ಕುಳ್ಳರೋ ಎತ್ತರದವರೋ, ಗೆರೆಗೆ ಅದರ ಪರಿವೆ ಇರಲಿಲ್ಲ. ಸಂಬಂಧಿಕರನ್ನು ಒಳಗೆ ಬಿಡಲಿಲ್ಲ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಚಿಕ್ಕವ್ವ ನಮ್ಮ ಕಡೆಯ ಹಿರಿಯ ಹೆಂಗಸರಂತೆ ಸೆರಗನ್ನು ತಲೆಯ ಮೇಲಿಂದ ಎರಡೂ ಭುಜ ಮುಚ್ಚುವಂತೆ ಹೊದ್ದು ನಿಂತಿದ್ದಳು. ಮುಂದೆ ನಿಂತವರ ತಲೆಗಳ ನಡುವಿನಿಂದ ಅವಳ ಕೈ ಮೇಲೇರಿತು. ಭುಜದ ಮಟ್ಟವನ್ನು ದಾಟಿತು. ಗೆರೆಯನ್ನು ದಾಟಿತು.

ನನಗೆ ನಂಬಿಕೆಯಾಗಲಿಲ್ಲ. ಅಳತೆಗಾರರು ಬೆರಳನ್ನಷ್ಟೇ ನೋಡಿ “ಪೂರ್ಣ” ಎಂದು ಬರೆದರು. ಅವರು ಸೆರಗಿನೊಳಗಿನ ಭುಜವನ್ನು ಮುಟ್ಟುವಂತಿರಲಿಲ್ಲ. ಮುಟ್ಟಿ ನೋಡಬಹುದಾಗಿದ್ದ ಒಬ್ಬಳೇ ಸಹಾಯಕಿಯನ್ನು ಹೆಸರು ಬರೆಯಲು ಕೂರಿಸಿದ್ದರು.

ಮರಳುವ ಬಸ್ಸಿನಲ್ಲಿ ಕೇಳಿದೆ. “ಚಿಕ್ಕವ್ವಾ, ಅದು ಹೆಂಗ ಏರಿತು?”

“ಹೆಂಗ ಏರಿಸಿದೆ ನೋಡು!” ಎಂದಳು. ಮುಖದಲ್ಲಿ ಹೆಮ್ಮೆ ತುಂಬಿತ್ತು. ಸೀಟಿನಲ್ಲೇ ಕುಳಿತು ತೋರಿಸಿದಳು: ಸೊಂಟದಿಂದ ಮೇಲಿನ ಮೈಯನ್ನು ಪೂರ್ತಿ ಎಡಕ್ಕೆ ಓಲಿಸಿದಳು, ಮೈಯ ಜೊತೆಗೆ ಬಲಗೈ ತಾನೇ ಮೇಲೆದ್ದಿತು. ಭುಜದ ಮಟ್ಟದಿಂದಾಚೆಗೆ ಕೀಲು ಒಂದಿಷ್ಟೂ ತಿರುಗಿರಲಿಲ್ಲ, ಬಾಗಿದ್ದು ಬೆನ್ನು. “ಮ್ಯಾಲ ಹಗ್ಗ ಸಿಕ್ಕೊಂಡಾಗ ಕುಣ್ಯಾಗ ಕುಂತು ಹಿಂಗ ಬಾಗಿ ಬಿಡಸ್ತೀವಿ. ನಿನ್ನ ಅಂಗಳದಾಗ ನೆನಪ ಬರಲಿಲ್ಲ. ಲಕ್ಷ್ಮೇಶ್ವರದಿಂದ ಬಂದ ಮ್ಯಾಲ ದಿನಾ ಒಬ್ಬಾಕಿನ ಮಾಡಿ ಮಾಡಿ ರೂಢಿ ಮಾಡೀನಿ.”

“ಚಿಕ್ಕವ್ವ, ಕೈ ಏರಂಗಿಲ್ಲ ಅಂತ ತೋರ್ಸಾಕ ಹೋಗಿದ್ವಿ ನಾವು!”

“ಹುಚ್ಚಿ,” ಎಂದಳು ತಗ್ಗಿದ ದನಿಯಲ್ಲಿ, ಬಸ್ಸಿನವರಿಗೆ ಕೇಳಿಸಬಾರದೆಂದು. “ನೀ ಒಂದು ವಾರ ನಿಂತು ಕಲಿಸೀದಿ. ಅಷ್ಟು ಮಂದಿ ಮುಂದ ನಿಂತು ಬರಂಗಿಲ್ಲ ಅನ್ನಬೇಕಾಗಿತ್ತೇನ? ನೇಕಾರತಿ ಕೈ ಬರಂಗಿಲ್ಲ ಅಂದ್ರ ನಾಳೆ ನೂಲ ಯಾರ ಕೊಡ್ತಾರ?”

ಆಗ ತಿಳಿಯಿತು. ಬೆಟಗೇರಿಯಲ್ಲಿ ಕೈ ತೋರಿಸು ಎಂದು ಯಾರಾದರೂ ಹೇಳಿದರೆ ಅದಕ್ಕಿರುವುದು ಒಂದೇ ಸಂದರ್ಭ: ನೂಲು ಕೊಡುವವರು ಕೆಲಸ ಒಪ್ಪಿಸುವ ಮುನ್ನ ನೋಡುವುದು. ಅಲ್ಲಿ ಯಾವ ನೇಕಾರತಿಯೂ ಕೈ ಸೋತಿದೆ ಎನ್ನುವುದಿಲ್ಲ. ಅಂಥವಳನ್ನು ಹಿಡಿದು ನಾನು ಒಂದು ವಾರ ಅಭ್ಯಾಸ ಮಾಡಿಸಿದ್ದೆ. ಅಭ್ಯಾಸ ಎಂದರೆ ಬರದಿರುವುದನ್ನು ಬರುವಂತೆ ಮಾಡುವುದು ಎಂದು ಅವಳು ತಿಳಿದಳು. ಜಗತ್ತಿನಲ್ಲಿ ನನ್ನಂಥ ಕೆಲವರನ್ನು ಬಿಟ್ಟರೆ ಎಲ್ಲರೂ ಹಾಗೆಯೇ ತಿಳಿಯುತ್ತಾರೆ. ನಾನು ಅವಳಿಗೆ ಮೂರು ತಲಗಳನ್ನು ಕಲಿಸಿದ್ದೆ, ಮೂರು ಅಕ್ಷಗಳನ್ನು ಕಲಿಸಿದ್ದೆ. ನೋವನ್ನು ನೋವೆಂದು ಹೇಳಬಹುದೆಂಬುದನ್ನು ಮಾತ್ರ ಕಲಿಸಿರಲಿಲ್ಲ.

ಅದರ ಮುಂದಿನ ವಾರ ಶಿಬಿರ ಮುಂಡರಗಿಯಲ್ಲಿತ್ತು. ಅಲ್ಲಿಗೆ ಹೊರಟ ದಿನ ಅವಳಿಂದ ಮಾತು ತೆಗೆದುಕೊಂಡೆ. “ಎಷ್ಟು ಬರತೈತೋ ಅಷ್ಟ ಎತ್ತು. ಬಾಗಬ್ಯಾಡ.”

“ಬಾಗಂಗಿಲ್ಲ ತಗೋ,” ಎಂದಳು, ಮನಸ್ಸಿಲ್ಲದ ಮನಸ್ಸಿನಿಂದ.

ಈ ಸಲ ಜಗಳವಾಡಿ ಒಳಗೆ ಹೋದೆ. ಅಳತೆಗಾರರು ನಮ್ಮನ್ನು ಕಂಡೊಡನೆ ಗುರುತಿಸಿದರು. ಉಳಿದಿದ್ದ ಮೂರನೆಯ ಚಲನೆಯನ್ನು ಪರೀಕ್ಷಿಸಿ ಎಂದು ಕೇಳಿದೆ. ಪಕ್ಕಕ್ಕೆ ಎತ್ತುವುದನ್ನೂ ಇನ್ನೊಮ್ಮೆ ನೋಡಿ, ಈ ಬಾರಿ ಬೆನ್ನನ್ನು ಗೋಡೆಗೆ ಆನಿಸಿ ನೋಡಿ ಎಂದೆ. ಹೋದ ವಾರದ್ದು ಮುಗಿಯಿತೆಂದರು.

“ಯಕ್ಕಾ, ಕೈ ತಲಿ ಹಿಂದ ಇಡ್ರಿ.”

ಚಿಕ್ಕವ್ವ ಮಾತಿಗೆ ತಪ್ಪಲಿಲ್ಲ. ನೆಟ್ಟಗೆ ನಿಂತಳು. ಕೈ ಕೆನ್ನೆಯ ಹತ್ತಿರ ಬಂದು ನಿಂತಿತು. ನೋವಿಗೆ ತುಟಿ ಕಚ್ಚಿದಳು. ಜೀವಮಾನದಲ್ಲಿ ಮೊದಲ ಸಲ ಅವಳು ಹೆರವರ ಮುಂದೆ ತನ್ನ ಕೈ ಬರುವುದಿಲ್ಲವೆಂದು ತೋರಿಸುತ್ತಿದ್ದಳು.

“ಯಾಕ್ರಿ ಯಕ್ಕಾ,” ಎಂದರು ಅಳತೆಗಾರರು, ಹಳೆಯ ಹಾಳೆ ತಿರುವುತ್ತಾ. “ಶಿರಹಟ್ಟ್ಯಾಗ ಅಷ್ಟು ಮ್ಯಾಲ ಹೋದ ಕೈ ಮುಂಡರಗಿಗೆ ಬರೂದ್ರಾಗ ಇಳೀತೇನ್ರಿ? ಮೇಡಮ್ಮಾರು ಹೇಳಿಕೊಟ್ಟ ನಾಟಕ ಏನಿದು?”

ಹಿಂದೆ ನಿಂತವರು ನಕ್ಕರು. ಚಿಕ್ಕವ್ವನ ಮುಖ ಕೆಂಪಾಯಿತು.

“ನಾಟಕ ಮಾಡೂ ಕೈ ಅಲ್ರಿ ಇದು,” ಎಂದಳು. “ದುಡಿದು ತಿಂದ ಕೈ. ನೋಡ್ರಿ ಹಂಗಾರ.”

ನಾನು ತಡೆಯುವ ಮೊದಲೇ ಮೈಯನ್ನು ಓಲಿಸಿ, ಕುತ್ತಿಗೆಯನ್ನು ಮುಂದಕ್ಕೆ ಬಗ್ಗಿಸಿ, ತಲೆಯನ್ನೇ ತಂದು ಕೈಯೊಳಗೆ ಇಟ್ಟಳು. ಕೈ ತಲೆಯ ಬಳಿಗೆ ಹೋಗಲಿಲ್ಲ. ತಲೆ ಕೈಯ ಬಳಿಗೆ ಬಂತು. ನೋಡುವ ಕಣ್ಣಿದ್ದವರಿಗೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿರಲಿಲ್ಲ.

“ಇದಕ್ಕ ನೋಡ್ರಿ ಹೇಳೂದು,” ಎಂದರು ಅಳತೆಗಾರರು ತೃಪ್ತಿಯಿಂದ. “ಪೂರ್ಣ.”

ಸಂಘದ ಕಾರ್ಯದರ್ಶಿಗಳು ಮೂರೂ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರು. “ಲಕ್ಷ್ಮೇಶ್ವರದಾಗ ಪೂರ್ಣ, ಶಿರಹಟ್ಟ್ಯಾಗ ಪೂರ್ಣ, ಮುಂಡರಗ್ಯಾಗ ಪೂರ್ಣ. ಇಡೀ ಜಿಲ್ಲಾದಾಗ ಇಷ್ಟು ಗಟ್ಟಿ ರಟ್ಟಿ ಮತ್ತೊಂದು ಸಿಗಂಗಿಲ್ಲ ಬಿಡ್ರಿ, ಮೇಡಮ್ಮಾರ.” ಇದನ್ನು ಅವರು ಚೇಷ್ಟೆಗೆ ಹೇಳಲಿಲ್ಲ, ಅಭಿನಂದನೆಯಾಗಿ ಹೇಳಿದರು. ನಾನು ಬೆನ್ನು ಬಾಗಿದ್ದನ್ನು ವಿವರಿಸಿದೆ, ಸೆರಗನ್ನು ವಿವರಿಸಿದೆ, ಗೋಡೆಯ ಗೆರೆಯನ್ನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ತಿಂಗಳ ಕೊನೆಯವರೆಗೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ, ಅಷ್ಟರೊಳಗೆ ಬೇರೆ ಕಾಗದ ತಂದರೆ ನೋಡೋಣ ಎಂದರು. ಚಿಕ್ಕವ್ವ ಆ ಹೊತ್ತಿಗೆ ನೂಲಿನ ಲಡಿಗಳನ್ನು ಎಡಗೈಗೆ ಹಾಕಿಕೊಂಡು ಹೊರಗೆ ನಿಂತಿದ್ದಳು.

ಅಂದಿನಿಂದ ದಿನವೂ ಬೆಳಿಗ್ಗೆ ಕಾಲೇಜಿಗೆ ಹೋಗುವ ಮುನ್ನ ಅವಳ ಮನೆಗೆ ಹೋಗುತ್ತೇನೆ. ಅವಳು ನನಗೆ ಬೆನ್ನು ಮಾಡಿ ಕೂರುತ್ತಾಳೆ, ನಾನು ತಲೆ ಬಾಚಿ ತುರುಬು ಕಟ್ಟುತ್ತೇನೆ. ಮೊದಮೊದಲು ನಾನು ಕಟ್ಟಿದ ತುರುಬು ಮಧ್ಯಾಹ್ನದೊಳಗೆ ಬಿಚ್ಚಿಹೋಗುತ್ತಿತ್ತು. “ಮೂರು ಮೊಳಿ ಸರಿ ಇದ್ದಾಕಿ ಕಟ್ಟೂ ತುರುಬು ಇದೇನ?” ಎಂದು ಹಂಗಿಸುತ್ತಾಳೆ. ನಿನ್ನೆ ಬಾಚುವಾಗ ಗಮನಿಸಿದೆ: ಮುಂದಕ್ಕೆ ಎತ್ತುವಾಗಲೂ ಕೈ ಈಗ ಕಣ್ಣಿನ ಮಟ್ಟದಲ್ಲಿ ನಿಲ್ಲುತ್ತಿದೆ. ನಮೂನೆಯಲ್ಲಿ ಸಾಲಿದ್ದ ಆ ಒಂದು ದಾರಿಯೂ ಮುಚ್ಚುತ್ತಾ ಬಂದಿದೆ.

ಆದ್ದರಿಂದ ಶಿಬಿರ ನಡೆಸುವ ಸಮಿತಿಯವರೇ, ಅಳತೆಗಾರರೇ, ನನ್ನ ಬೇಡಿಕೆ ಇಷ್ಟು. ಈ ತಿಂಗಳು ಮುಗಿಯುವ ಮುನ್ನ ಒಂದು ದಿನ ಬೆಟಗೇರಿಗೆ ಬನ್ನಿ. ನಾವು ನಾಲ್ಕನೆಯ ಊರಿಗೆ ಬರುವುದಿಲ್ಲ. ನನ್ನ ಚಿಕ್ಕವ್ವನನ್ನು ಬೆನ್ನು ಗೋಡೆಗೆ ತಾಗುವಂತೆ ಸ್ಟೂಲಿನ ಮೇಲೆ ಕೂರಿಸಿ. ನಿಮ್ಮ ಸಹಾಯಕಿಯ ಕೈಯಿಂದ ಪುಸ್ತಕವನ್ನು ನೀವು ತೆಗೆದುಕೊಳ್ಳಿ, ಸೆರಗಿನೊಳಗೆ ಚಿಕ್ಕವ್ವನ ಭುಜದ ಹಲಗೆಯೆಲುಬನ್ನು ಆ ಸಹಾಯಕಿ ಒತ್ತಿ ಹಿಡಿಯಲಿ. ಜೇಬಿನಲ್ಲಿರುವ ಸಲಕರಣೆಯನ್ನು ಹೊರಗೆ ತೆಗೆದು ಎರಡೂ ಭುಜಗಳನ್ನು ಮೂರೂ ತಲಗಳಲ್ಲಿ ಅಳೆಯಿರಿ, ಮೂರನ್ನೂ ಬೇರೆ ಬೇರೆ ಬರೆಯಿರಿ, ಹಳೆಯ ಮೂರು ಕಾಗದಗಳನ್ನು ಲಿಖಿತವಾಗಿ ಹಿಂದಕ್ಕೆ ಪಡೆಯಿರಿ. ಕಾರ್ಯದರ್ಶಿಗಳೇ, ನೀವೂ ಆ ಕೋಣೆಯಲ್ಲಿ ನಿಂತಿರಬೇಕು. ಅಳತೆ ಶುರುವಾಗುವ ಮೊದಲು ನಾನು ಅವಳ ತುರುಬನ್ನು ಬಿಚ್ಚುತ್ತೇನೆ. ಅವಳು ಬೆನ್ನನ್ನು ಗೋಡೆಯಿಂದ ಕದಲಿಸದೆ ತನ್ನೆರಡೂ ಕೈಗಳಿಂದ ಅದನ್ನು ಮತ್ತೆ ಕಟ್ಟಿಕೊಂಡರೆ “ಪೂರ್ಣ” ಎಂದೇ ಬರೆಯಿರಿ. ಕಟ್ಟಿಕೊಳ್ಳಲಾಗದಿದ್ದರೆ, ನೀವು ಆ ಕೋಣೆಯಿಂದ ಹೊರಬೀಳುವ ಮೊದಲೇ ಅವಳನ್ನು ಘಡಿಯ ಮೇಜಿಗೆ ಕೂರಿಸಿ.